ಚಪ್ಪಲಿ ಮೆಟ್ಟುವಾಗ ಹೇಳುವ ಮಾತು

ತಮ್ಮಾ, ವಯಸ್ಸಾದ ಯಾವ ಡಾಕ್ಟರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಗಂಡಸು ಬಂದು ಕೂರುತ್ತಾನೆ; ಸೊಂಟನೋವು, ಗ್ಯಾಸ್ಟ್ರಿಕ್, ನಿದ್ದೆ ಬರಲ್ಲ ಎಂದೆಲ್ಲ ಹೇಳಿ ಚೀಟಿ ಬರೆಸಿಕೊಂಡು ಏಳುತ್ತಾನೆ. ಹೆಂಡತಿ ಮೆಡಿಕಲ್ ಸ್ಟೋರ್ ಕಡೆ ಹೋದಮೇಲೆ, ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತ, ತಲೆ ತಗ್ಗಿಸಿ ಬಾಯಿ ಬಿಡುತ್ತಾನೆ: "ಸಾರ್, ಇನ್ನೊಂದ್ ವಿಷ್ಯ..." ಬಂದದ್ದೇ ಆ ವಿಷಯಕ್ಕೆ.

ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ ಎನ್ನಲು ಇಷ್ಟೊಂದು ಸಂಕೋಚ ಇರುವುದರಿಂದಲೇ ಬಸ್‌ಸ್ಟ್ಯಾಂಡ್ ಶೌಚಾಲಯದ ಗೋಡೆ ತುಂಬ 'ಗುಪ್ತರೋಗ, ನರದೌರ್ಬಲ್ಯ' ಎಂಬ ಚೀಟಿಗಳು. ತಿಂಗಳಿಗೊಮ್ಮೆ ಲಾಡ್ಜ್ ರೂಮಿನಲ್ಲಿ ಕೂರುವ ಪಂಡಿತರಿಗೆ ಒಳ್ಳೆಯ ವ್ಯಾಪಾರ. ಅವರು ಬೆರಳು ತೋರಿಸುವುದು ನರದ ಕಡೆಗೆ. ನೀನು ನೋಡಬೇಕಾದದ್ದು ರಕ್ತನಾಳದ ಕಡೆಗೆ.

ಅಂಗ ನಿಮಿರುವುದು ರಕ್ತ ತುಂಬಿದಾಗ. ಕಾಮ ಕೆರಳಿದೊಡನೆ ನರದ ತುದಿಗಳಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬೀಳುತ್ತದೆ. ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ, ರಕ್ತ ನುಗ್ಗುತ್ತದೆ, ಹೊರಗೆ ಹೋಗುವ ಸಿರೆಗಳು ಅದುಮಿಕೊಂಡು ರಕ್ತ ಅಲ್ಲೇ ನಿಲ್ಲುತ್ತದೆ. ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್ ಎಲ್ಲವೂ ಮೊದಲು ಕೆಡಿಸುವುದು ಈ ಒಳಪದರವನ್ನೇ. ಹೃದಯದ ನಾಳದಲ್ಲಿರುವುದೂ ಇಂಥದೇ ಪದರ. ವ್ಯತ್ಯಾಸ ನಾಳದ ಗಾತ್ರದ್ದು. ಶಿಶ್ನದ ಅಪಧಮನಿಯ ಅಗಲ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಮೊದಲು ಕಟ್ಟಿಕೊಳ್ಳುವುದು ಗಿಡದ ಬುಡದ ಡ್ರಿಪ್ಪರ್, ಆಗಿನ್ನೂ ಮೇನ್ ಲೈನಿನಲ್ಲಿ ನೀರು ಜೋರಾಗಿಯೇ ಇರುತ್ತದೆ. ಹೃದ್ರೋಗಿಗಳಲ್ಲಿ ಎಷ್ಟೋ ಮಂದಿಗೆ ಎದೆನೋವಿಗೆ 2ರಿಂದ 5 ವರ್ಷ ಮೊದಲೇ ಈ ತೊಂದರೆ ಶುರುವಾಗಿರುತ್ತದೆ. ಕೈಯಲ್ಲಿರುವ ಆ ವರ್ಷಗಳನ್ನು ಲೇಹ್ಯ ನೆಕ್ಕುತ್ತ ಕಳೆಯುವುದು ನನ್ನ ಪ್ರಕಾರ ಶುದ್ಧ ದಡ್ಡತನ.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ಕ್ಕೇ ಹೃದಯಾಘಾತದಿಂದ ಹೋದಾಗ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ಯುವಕರು ಸಾಲುಗಟ್ಟಿದ್ದು ನಿನಗೂ ನೆನಪಿರಬೇಕು. ಹೆದರಿದ್ದು ತಪ್ಪಲ್ಲ. ಆದರೆ ಮಲಗಿಸಿ ತೆಗೆದ ಇಸಿಜಿ ನೆಟ್ಟಗಿದ್ದ ಮಾತ್ರಕ್ಕೆ ನಾಳವೂ ನೆಟ್ಟಗಿದೆ ಎಂದು ಹೇಳಲಾಗದು. ತಪಾಸಣೆಗೆ ಬಂದವನ ಹಾಸಿಗೆಯ ವಿಷಯವನ್ನು ಒಂದು ಮಾತು ಕೇಳಿದರೆ ಅದೂ ಸುಳಿವು ಕೊಟ್ಟೀತು. ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಹಾಗಂತ ಒಂದು ರಾತ್ರಿ ಆಗಲಿಲ್ಲವೆಂದು ಹೃದಯ ಹೋಯಿತು ಎಂದುಕೊಳ್ಳಬೇಡ. ಹೊಸದಾಗಿ ಮದುವೆಯಾದವನ ಅಳುಕು, ಕೆಲಸದ ಒತ್ತಡ, ಆ ರಾತ್ರಿಯ ಕುಡಿತ, ಯಾವುದಾದರೂ ಸಾಕು. ದಿಢೀರನೆ ಶುರುವಾಗಿ, ಬೆಳಗಿನ ಜಾವ ಮಾತ್ರ ತಾನಾಗಿಯೇ ನಿಮಿರುತ್ತಿದ್ದರೆ ತೊಂದರೆ ಹೆಚ್ಚಾಗಿ ಮನಸ್ಸಿನದು. ನಿಧಾನಕ್ಕೆ, ತಿಂಗಳುಗಟ್ಟಲೆ ಕುಗ್ಗುತ್ತ ಬಂದು, ಬೆಳಗಿನದೂ ನಿಂತಿದ್ದರೆ ನಾಳವನ್ನು ಅನುಮಾನಿಸಬೇಕು. ಸಕ್ಕರೆ ಕಾಯಿಲೆಯವರಿಗಂತೂ ನಾಳ, ನರ ಎರಡೂ ಸವೆಯುವುದರಿಂದ ಬೇರೆಯವರಿಗಿಂತ 10-15 ವರ್ಷ ಮೊದಲೇ ಇದು ಬರಬಹುದು. ಬಿಪಿಯ ಕೆಲವು ಮಾತ್ರೆಗಳಿಂದಲೂ ಆಗುವುದುಂಟು. ಡಾಕ್ಟರಿಗೆ ಹೇಳಿದರೆ ಬದಲಿಸಿಕೊಡುತ್ತಾರೆ, ನೀನಾಗಿ ಬಿಟ್ಟುಬಿಡಬೇಡ.

ಮೊದಲು ಬಿಪಿ ನೋಡಿಸು. ಖಾಲಿ ಹೊಟ್ಟೆಯ ಶುಗರ್, ಮೂರು ತಿಂಗಳ ಶುಗರ್, ಕೊಲೆಸ್ಟರಾಲ್, ಬೇಕೆಂದರೆ ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್. ಸೊಂಟಕ್ಕೆ ಟೇಪು ಸುತ್ತಿ ನೋಡು. 2004ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಈ ತೊಂದರೆ ಇದ್ದ 110 ಸ್ಥೂಲಕಾಯದ ಗಂಡಸರಿದ್ದರು. ಅರ್ಧ ಮಂದಿಗೆ ತೂಕ ಇಳಿಸುವುದನ್ನೂ ನಡೆದಾಡುವುದನ್ನೂ ಗಂಭೀರವಾಗಿ ಕಲಿಸಿದರು. ಎರಡು ವರ್ಷ ಕಳೆಯುವಾಗ ಅವರಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ಶಕ್ತಿ ಮರಳಿತ್ತು. ಲೇಹ್ಯದ ಡಬ್ಬಿಯ ಮೇಲೆ ಇಂಥ ಲೆಕ್ಕ ಇರುವುದಿಲ್ಲ.

ಇನ್ನು ಮಾತ್ರೆ. ವಯಾಗ್ರ ಎಂದು ಹೆಸರಾದ ಸಿಲ್ಡೆನಾಫಿಲ್ ಮೊದಲು ಪ್ರಯೋಗವಾದದ್ದು ಎದೆನೋವಿಗೆ, ಇಂಗ್ಲೆಂಡಿನ ಫೈಜರ್ ಪ್ರಯೋಗಾಲಯದ ಕೆಲಸವಾಗಿ. ಎದೆಗೆ ಅಷ್ಟು ಒದಗದಿದ್ದರೂ ಇನ್ನೊಂದು ಕಡೆ ಗುಣ ಕಂಡಿತು. 1998ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ನೈಟ್ರಿಕ್ ಆಕ್ಸೈಡಿನ ಕೆಲಸ ಕಂಡುಹಿಡಿದ ಮೂವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಒಳ್ಳೆಯ ಮಾತ್ರೆಯೇ, ಡಾಕ್ಟರ ಚೀಟಿ ಇದ್ದರೆ ನಾಚಬೇಕಾದ್ದೇನಿಲ್ಲ. ಆದರೆ ಅದು ನಾಳದ ರೋಗವನ್ನು ವಾಸಿಮಾಡುವುದಿಲ್ಲ. ಅಂಗಡಿಯವನಿಗೆ ಕಣ್ಸನ್ನೆ ಮಾಡಿ ಕೊಂಡರೆ ಆ ರಾತ್ರಿ ಕಳೆಯುತ್ತದೆ, ರೋಗ ಬೆಳೆಯುತ್ತದೆ.

ನಾಲಿಗೆಯಡಿ ಇಡುವ ಸಾರ್ಬಿಟ್ರೇಟಿನಂಥ ನೈಟ್ರೇಟ್ ಮಾತ್ರೆಯ ಜೊತೆ ಇದು ಸೇರಿದರೆ ಬಿಪಿ ಕುಸಿದು ಜೀವವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ ಕಳೆಯುವ ತನಕ ನೈಟ್ರೇಟ್ ಕೊಡುವಂತಿಲ್ಲ. 'ಗಿಡಮೂಲಿಕೆ' ಎಂದು ಮಾರುವ ಪುಡಿಗಳಲ್ಲೂ ಸಿಲ್ಡೆನಾಫಿಲ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎಂದಾದರೂ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದರೆ ಏನು ನುಂಗಿದ್ದೆ, ಯಾವಾಗ ನುಂಗಿದ್ದೆ ಎಂದು ಡ್ಯೂಟಿ ಡಾಕ್ಟರಿಗೆ ಮೊದಲೇ ಹೇಳಿಬಿಡು; ಅಪ್ಪ, ಮಾವ ಯಾರೇ ಪಕ್ಕದಲ್ಲಿದ್ದರೂ ಹೇಳು.