ಗಣಿತವೋ, ಭೌತಶಾಸ್ತ್ರವೋ?

ಲೆಕ್ಕದಲ್ಲಿಯೂ ವಿಜ್ಞಾನದಲ್ಲಿಯೂ ಸಮನಾದ ಅಭಿರುಚಿಯುಳ್ಳ ವಿದ್ಯಾರ್ಥಿನಿಯರು ಪ್ರತಿ ವರ್ಷವೂ ಕೆಲವರಾದರೂ ಇದ್ದೇ ಇರುತ್ತಾರೆ. ಹೈಸ್ಕೂಲನ್ನು ಬಿಡುವ ಕಾಲದಲ್ಲಿ ಇವರನ್ನು ಬಾಧಿಸುವ ಪ್ರಶ್ನೆಯೊಂದುಂಟು: ಮುಂದೆ ಉನ್ನತ ವ್ಯಾಸಂಗಕ್ಕೆ ಗಣಿತವನ್ನು ಆರಿಸಿಕೊಳ್ಳಬೇಕೋ, ಭೌತಶಾಸ್ತ್ರವನ್ನೋ? ಯಾವುದರಿಂದ ಉದ್ಯೋಗ ಬೇಗನೆ ದೊರೆಯುವುದೆಂದು ಮನೆಯ ಹಿರಿಯರು ವಿಚಾರಿಸುವರು. ಯಾವುದರಲ್ಲಿ ಅಂಕಗಳು ಹೆಚ್ಚೆಂದು ಗೆಳತಿಯರು ಕೇಳುವರು. ಇವು ಅಪ್ರಯೋಜಕವಾದ ಮಾತುಗಳಲ್ಲ. ಆದರೆ ಇವುಗಳಿಂದ ಆ ಎರಡು ಶಾಸ್ತ್ರಗಳ ಸ್ವಭಾವವು ತಿಳಿಯಲಾರದು. ಸ್ವಭಾವವನ್ನರಿಯದೆ ಐದಾರು ವರ್ಷ ಅವುಗಳೊಡನೆ ಬಾಳುವುದು ಕಷ್ಟ.

ಕಡೂರು ತಾಲ್ಲೂಕಿನ ಯಗಟಿಯ ಕಡೆಯ ಹುಡುಗಿಯರಿಗೆ ತೋಟದ ಬಾವಿಯು ಹೊಸದಲ್ಲ. ನೀರಿರುವ ಆಳವಾದ ಬಾವಿಯೊಂದಕ್ಕೆ ಕಲ್ಲನ್ನು ಬಿಟ್ಟು, ಸದ್ದು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿದಿರೆಂದು ಇಟ್ಟುಕೊಳ್ಳೋಣ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದ ಲಬ್ಧವನ್ನು 16ರಿಂದ ಗುಣಿಸಿದರೆ ನೀರಿನವರೆಗಿನ ಆಳವು ಅಡಿಗಳಲ್ಲಿ ದೊರೆಯುವುದು. ಎರಡು ಸೆಕೆಂಡುಗಳಾದರೆ 64 ಅಡಿ. ಪರೀಕ್ಷೆಗೆ ಇಷ್ಟು ಸಾಕು.

ಒಬ್ಬಳಿಗೆ ಇಷ್ಟರಿಂದ ತೃಪ್ತಿಯಾಗುವುದಿಲ್ಲ. ಸದ್ದು ಮೇಲಕ್ಕೆ ಬರುವುದಕ್ಕೂ ಸ್ವಲ್ಪ ಕಾಲ ಬೇಕಷ್ಟೆ? ಶಬ್ದದ ವೇಗವು ಸೆಕೆಂಡಿಗೆ ಸುಮಾರು 1,100 ಅಡಿ. ಆ ಕಾಲವನ್ನು ಕಳೆದು ನೋಡಿದರೆ ಬಾವಿಯ ಆಳವು 64 ಅಡಿಯಲ್ಲ, ಸುಮಾರು 61 ಅಡಿಯೆಂದು ತೋರುವುದು. ಗಾಳಿಯ ತಡೆ ಎಷ್ಟು? ಎಣಿಸುವಾಗ ಕೈ ತಡವಾಯಿತೇ? ಹಗ್ಗವನ್ನು ಇಳಿಬಿಟ್ಟು ಅಳೆದು ನೋಡುವವರೆಗೂ ಆಕೆಗೆ ಸಮಾಧಾನವಿಲ್ಲ.

ಇನ್ನೊಬ್ಬಳು ಬೇರೊಂದು ಪ್ರಶ್ನೆಯನ್ನು ಹಿಡಿಯುವಳು. ಮೊದಲನೆಯ ಸೆಕೆಂಡಿನಲ್ಲಿ ಕಲ್ಲು ಬಿದ್ದ ದೂರ 16 ಅಡಿ, ಎರಡನೆಯದರಲ್ಲಿ 48, ಮೂರನೆಯದರಲ್ಲಿ 80. ಎಂದರೆ ಒಂದು, ಮೂರು, ಐದು ಪಾಲುಗಳು. ಗೆಲಿಲಿಯೋ ಪಂಡಿತನು 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕ್ರಮವನ್ನು ವಿವರಿಸಿದನು. ಈ ಬೆಸಸಂಖ್ಯೆಗಳನ್ನು ಕೂಡುತ್ತ ಹೋದರೆ ಒಂದು, ನಾಲ್ಕು, ಒಂಬತ್ತು ಎಂದು ವರ್ಗಸಂಖ್ಯೆಗಳೇ ಬರುವುವು. ಯಾವಾಗಲೂ ಹೀಗೆಯೇ ಆಗುವುದೇ? ಆಕೆ ಹುಣಿಸೆಯ ಬೀಜಗಳನ್ನು ತೆಗೆದುಕೊಂಡು, ಒಂದು ಬೀಜದ ಎರಡು ಮಗ್ಗುಲಿಗೂ ಮೂಲೆಗೂ ಮೂರನ್ನಿಟ್ಟು ಚೌಕ ಮಾಡುವಳು. ಅದರ ಅಂಚಿಗೆ ಐದು, ಅದರಾಚೆಗೆ ಏಳು. ಪ್ರತಿಯೊಂದು ಅಂಚಿಗೂ ಹಿಂದಿನದಕ್ಕಿಂತ ಎರಡೇ ಬೀಜ ಹೆಚ್ಚು ಬೇಕಾಗುವುದೆಂದು ಕಂಡ ಕ್ಷಣದಲ್ಲಿ, ಕೋಟಿಯವರೆಗೆ ಇಟ್ಟು ನೋಡದೆಯೇ ಉತ್ತರವು ನಿಶ್ಚಯವಾಯಿತು. ಬಾವಿಯೂ ಕಲ್ಲೂ ಆಕೆಗೆ ಮರೆತೇಹೋದುವು.

ಮೊದಲನೆಯವಳ ಮನಸ್ಸು ಭೌತಶಾಸ್ತ್ರದ್ದು, ಎರಡನೆಯವಳದು ಗಣಿತದ್ದು. ಒಂದರಲ್ಲಿ ಕೊನೆಯ ತೀರ್ಪನ್ನು ಹೇಳುವುದು ಬಾವಿ; ಇನ್ನೊಂದರಲ್ಲಿ ಸಾಧನೆಯ ತರ್ಕ. ಗಣಿತದ ಭಯದಿಂದ ಭೌತಶಾಸ್ತ್ರಕ್ಕೆ ಓಡುವವರನ್ನು ನೋಡಿದರೆ ಮಾತ್ರ ಕನಿಕರವಾಗುತ್ತದೆ. ಅವರು ಬಿಟ್ಟು ಬಂದುದು ಅಲ್ಲಿ ಮತ್ತೂ ದೊಡ್ಡದಾಗಿ ಕಾದಿರುವುದು!

ಈ ಆಯ್ಕೆಯಿಂದ ಎಂತಹ ಫಲಗಳಾಗಬಹುದೆಂಬುದಕ್ಕೆ ನಮ್ಮ ಮೈಸೂರು ಸೀಮೆಯ ಒಬ್ಬ ಮಹಿಳೆಯ ಚರಿತ್ರೆಯೇ ಸಾಕ್ಷಿ. ಶ್ರೀಮತಿ ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಜನಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಈ ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಶಾಲೆಯ ಕೊನೆಯ ಪರೀಕ್ಷೆಯಾದಮೇಲೆ ರಾಜೇಶ್ವರಿಯವರ ಮನಸ್ಸು ಇತಿಹಾಸದ ಕಡೆಗೂ ಎಳೆಯಿತು. ಆದರೂ ಭೌತಶಾಸ್ತ್ರ, ಗಣಿತಗಳನ್ನೇ ತೆಗೆದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೇ ಮುಖ್ಯವಾಗಿ ವ್ಯಾಸಂಗಮಾಡಿ ಆನರ್ಸ್ ಮತ್ತು ಎಂ.ಎಸ್ಸಿ. ಎರಡರಲ್ಲಿಯೂ ಪ್ರಥಮಸ್ಥಾನವನ್ನು ಪಡೆದರು. ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಲಿಚ್ಛಿಸಿದರು. ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣದಿಂದ ರಾಮನ್ನರು ಒಪ್ಪಲಿಲ್ಲವೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ವಿಶ್ವವಿದ್ಯಾಲಯಕ್ಕೇ ಮೊದಲಿಗಳಾದವಳಿಗೂ ಆ ಬಾಗಿಲು ತೆರೆಯಲಿಲ್ಲ.

ಆದರೆ 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ತಂತ್ರವಿಭಾಗವು ಆಕೆಯನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡಿತು. ಮುಂದೆ ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡಾಕ್ಟರೇಟನ್ನು ಪಡೆದು, 1953ರಲ್ಲಿ ಹಿಂತಿರುಗಿ ವಿಜ್ಞಾನ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು. ವಿದ್ಯುತ್ಕಾಂತ ಸಿದ್ಧಾಂತವನ್ನೂ ಮೈಕ್ರೋವೇವ್ ತಂತ್ರವನ್ನೂ ಬೋಧಿಸಿದರು. ಆಂಟೆನಾಗಳನ್ನು ಕುರಿತು ಪ್ರಯೋಗಶಾಲೆಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದರು. 2010ರಲ್ಲಿ ದಿವಂಗತರಾದರು. ಮ್ಯಾಕ್ಸ್‌ವೆಲ್ಲನು ಸಮೀಕರಣಗಳಿಂದ 1860ರ ದಶಕದಲ್ಲಿಯೇ ಊಹಿಸಿದ ಅಲೆಗಳನ್ನು ಹರ್ಟ್ಸನು ಪ್ರಯೋಗದಿಂದ ತೋರಿಸಿದುದು ಸುಮಾರು 20 ವರ್ಷಗಳ ತರುವಾಯ. ಅಂತಹ ಅಲೆಗಳ ವಿದ್ಯೆಗೆ ಗಣಿತವನ್ನು ಬಲ್ಲವಳು ಅನ್ಯಳಾಗಿರಲಿಲ್ಲ.

ರಾಮನ್ನರ ಪ್ರಯೋಗಶಾಲೆಯನ್ನು 1940ರಲ್ಲಿ ಸೇರಿದ ಅಣ್ಣಾ ಮಣಿಯವರ ಕಥೆ ಬೇರೆ. ಭೌತ, ರಸಾಯನಶಾಸ್ತ್ರಗಳ ಆನರ್ಸ್ ಪದವಿಯಿಂದ ಪ್ರವೇಶವು ದೊರೆಯಿತು. ವಜ್ರ, ಮಾಣಿಕ್ಯಗಳ ಬೆಳಕನ್ನು ಕುರಿತು ಉತ್ತಮ ಸಂಶೋಧನೆಯೂ ನಡೆಯಿತು. ಆದರೆ ಎಂ.ಎಸ್ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾಲಯವು ಡಾಕ್ಟರೇಟನ್ನು ಕೊಡಲಿಲ್ಲ. ಯೋಗ್ಯತೆ ಒಂದು, ನಿಯಮ ಒಂದು.

ಈಗಿನ ವಿದ್ಯಾರ್ಥಿನಿಯರಿಗೆ ಒಂದು ಅನುಕೂಲವಿದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಒಟ್ಟಿಗೆ ಓದಬಹುದು, ಬಿ.ಎಸ್ಸಿ.ಯಲ್ಲಿಯೂ ಎರಡನ್ನೂ ಉಳಿಸಿಕೊಳ್ಳುವ ದಾರಿ ಸಾಮಾನ್ಯವಾಗಿ ಇರುವುದು. ಆದುದರಿಂದ ಹದಿನಾರನೆಯ ವಯಸ್ಸಿನಲ್ಲಿಯೇ ಒಂದನ್ನು ತೊರೆಯುವ ಅಗತ್ಯವಿಲ್ಲ. ನಮ್ಮ ಜಿಲ್ಲೆಯವರಿಗೆ ಹತ್ತಿರವಾದ, 1987ರಲ್ಲಿ ಸ್ಥಾಪಿತವಾದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎರಡಕ್ಕೂ ಎಂ.ಎಸ್ಸಿ. ತರಗತಿಗಳಿವೆ, ನಿಜವಾದ ಅಗಲಿಕೆಯು ಆ ಮೆಟ್ಟಿಲಿನಲ್ಲಿ. ಎಂ.ಎಸ್ಸಿ. ಗಣಿತಕ್ಕೆ ಪದವಿಯಲ್ಲಿ ಗಣಿತವಿದ್ದರೆ ಬಹುಮಟ್ಟಿಗೆ ಸಾಕು. ಭೌತಶಾಸ್ತ್ರಕ್ಕಾದರೋ ಭೌತಶಾಸ್ತ್ರದೊಡನೆ ಗಣಿತವನ್ನೂ ಕೇಳುವುದು ವಾಡಿಕೆ. ಬಿ.ಎಸ್ಸಿ.ಗೆ ವಿಷಯಗಳನ್ನು ಬರೆದುಕೊಡುವ ಮೊದಲೇ, ಮುಂದೆ ಸೇರಲಿಚ್ಛಿಸುವ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪ್ರವೇಶ ನಿಯಮಗಳನ್ನು ತರಿಸಿಕೊಂಡು, ತಂದೆತಾಯಿಗಳೊಡನೆ ಕುಳಿತು ಓದತಕ್ಕದ್ದು.