ತೋರಿಕೆಯ ಸ್ಥಳ, ನಿಜದ ಸ್ಥಳ

ಊರ ಗೌಡನೊಬ್ಬನ ಕಣಜದಲ್ಲಿ ನೂರು ಕೊಳಗ ಬತ್ತವಿದೆಯೆಂದು ಇಟ್ಟುಕೊಳ್ಳಿರಿ. ಹತ್ತು ಮನೆಗಳವರು ಬಂದು, ತಮತಮಗೆ ಇಪ್ಪತ್ತಿಪ್ಪತ್ತು ಕೊಳಗವನ್ನು ಕಾದಿರಿಸಬೇಕೆಂದು ಕೇಳುತ್ತಾರೆ. ಗೌಡನು ಎಲ್ಲರಿಗೂ ‘ಆಗಲಿ’ ಎನ್ನುತ್ತಾನೆ. ಯಾರೂ ಒಂದೇ ದಿನದಲ್ಲಿ ಅಷ್ಟನ್ನು ಹೊತ್ತೊಯ್ಯುವುದಿಲ್ಲವೆಂಬುದು ಅವನಿಗೆ ತಿಳಿದಿದೆ. ಅಳೆದು ಕೊಟ್ಟಷ್ಟೇ ಕಣಜದಿಂದ ಇಳಿಯುವುದು. ಇದು ಮೋಸವೆ? ದಿನವೂ ಕಣಜವನ್ನು ಇಣಿಕಿ ನೋಡುವವನಾದರೆ ಮೋಸವಲ್ಲ. ನೋಡದವನಾದರೆ ಹತ್ತು ಮನೆಗಳೂ ಒಟ್ಟಿಗೆ ಉಪವಾಸ ಬೀಳುವುವು.

ಗಣಕಯಂತ್ರದ ಡಿಸ್ಕಿನ ಸ್ಥಳವನ್ನು ಹೀಗೆಯೇ ಹಂಚುವ ಕ್ರಮವೊಂದುಂಟು. ಅದಕ್ಕೆ ಥಿನ್ ಪ್ರಾವಿಷನಿಂಗ್ ಎಂದು ಹೆಸರು. ನಾವು ‘ತೆಳು ಹಂಚಿಕೆ’ ಎನ್ನೋಣ. ಕೇರಳದ ಶಾಲೆಗಳಲ್ಲಿ ಲಿನಕ್ಸ್ ವ್ಯವಸ್ಥೆಯೇ ಬಳಕೆಯಲ್ಲಿರುವುದರಿಂದ ಈ ವಿಷಯ ನಮ್ಮ ಮಕ್ಕಳಿಗೆ ದೂರದ್ದಲ್ಲ. 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತಷ್ಟೆ. ಹತ್ತನೆಯ ತರಗತಿಯ ಮಕ್ಕಳು ಐಟಿ ಪ್ರಾಯೋಗಿಕ ಪರೀಕ್ಷೆಯನ್ನು ಆ ಯಂತ್ರಗಳಲ್ಲಿಯೇ ಬರೆಯುತ್ತಾರೆ.

ಒಂದು ಗಟ್ಟಿ ಯಂತ್ರದೊಳಗೆ ಹಲವು ತೋರಿಕೆಯ ಯಂತ್ರಗಳನ್ನು ನಡೆಸಬಹುದು. ಇವೇ ವರ್ಚುವಲ್ ಮಷೀನುಗಳು. ವಿಚಾರ ಹೊಸದಲ್ಲ, ಐಬಿಎಂ ಸಂಸ್ಥೆ 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ‘ವಿಎಂ/370’ ಎಂಬ ವ್ಯವಸ್ಥೆಯನ್ನು ಹೊರತಂದಿತ್ತು. ಲಿನಕ್ಸಿಗೆ ಈ ಶಕ್ತಿ ಕೆವಿಎಂ ಎಂಬ ರೂಪದಲ್ಲಿ 2007ರಲ್ಲಿ ಸೇರಿತು. ಡಿಸ್ಕುಗಳನ್ನು ಕೂಡಿಸಿ, ಬೇಕಾದಂತೆ ತುಂಡರಿಸುವ ಎಲ್‌ವಿಎಂ 1998ರಷ್ಟು ಹಳೆಯದು. ತೆಳು ಹಂಚಿಕೆ ಮಾತ್ರ 2012ರಲ್ಲಿ ಬಂದುದು.

ಪೊನ್ಕುಳಿಯಂತಹ ಗಡಿಯೂರಿನ ಶಾಲೆಯೊಂದರಲ್ಲಿ 1000 ಗಿಗಾಬೈಟಿನ ಡಿಸ್ಕುಳ್ಳ ಒಂದೇ ಯಂತ್ರವಿದೆಯೆಂದು ಭಾವಿಸೋಣ. ಹತ್ತು ವಿದ್ಯಾರ್ಥಿಗಳಿಗೆ ಹತ್ತು ತೋರಿಕೆಯ ಯಂತ್ರಗಳು ಬೇಕು. ಒಂದೊಂದಕ್ಕೂ 200 ಗಿಗಾಬೈಟು. ಹಳೆಯ ಕ್ರಮದಲ್ಲಿ ಐದಕ್ಕೇ ಡಿಸ್ಕು ಮುಗಿಯಿತು. ಆದರೆ ಒಂದೊಂದು ಯಂತ್ರವೂ ನಿಜವಾಗಿ ತುಂಬುವುದು 25 ಗಿಗಾಬೈಟನ್ನು ಮಾತ್ರವಾದರೆ ಹತ್ತಕ್ಕೂ 250 ಸಾಕು.

ಮಾಡುವ ಬಗೆ ಹೀಗೆ. ಮೊದಲು ‘ಪಿವಿಕ್ರಿಯೇಟ್’ ಆಜ್ಞೆಯಿಂದ ಡಿಸ್ಕನ್ನು ಅಣಿಗೊಳಿಸಬೇಕು. ಅದರಲ್ಲಿ ಹಳೆಯ ಬರಹಗಳಿದ್ದರೆ ಮೊದಲೇ ಬೇರೆಡೆಗೆ ನಕಲು ಮಾಡಿರಬೇಕು. ಈ ಮಾತನ್ನು ಕಡೆಗಣಿಸಿ ಅತ್ತವರು ಬಹಳ ಮಂದಿ. ಅನಂತರ ‘ವಿಜಿಕ್ರಿಯೇಟ್’ ಆಜ್ಞೆಯಿಂದ ಗುಂಪು. ‘ಎಲ್‌ವಿಕ್ರಿಯೇಟ್’ ಆಜ್ಞೆಯಿಂದ ಅದರೊಳಗೆ 800 ಗಿಗಾಬೈಟಿನ ತೆಳು ಕಣಜ, ಅಂದರೆ ಥಿನ್ ಪೂಲ್. ಉಳಿದ 200ನ್ನು ಮುಟ್ಟಬಾರದು. ಕೊನೆಗೆ ಅದೇ ಆಜ್ಞೆಯಿಂದ ಒಂದೊಂದು ಯಂತ್ರಕ್ಕೂ 200 ಗಿಗಾಬೈಟಿನ ತೋರಿಕೆಯ ಡಿಸ್ಕು. ಯಂತ್ರವು ಬರೆದಾಗ ಮಾತ್ರ ಕಣಜದಿಂದ ಚಿಕ್ಕ ತುಂಡುಗಳು ಇಳಿಯುತ್ತವೆ. ಯಾವ ತುಂಡು ಯಾರದೆಂಬುದನ್ನು ‘ಮೆಟಾಡೇಟಾ’ ಎಂಬ ಲೆಕ್ಕಪುಸ್ತಕ ಗುರುತಿಟ್ಟುಕೊಳ್ಳುತ್ತದೆ.

ಈಗ ಮುಟ್ಟದೆ ಇಟ್ಟ 200ರ ಮಾತು. ಕಣಜವು ಶೇ. 70 ತುಂಬಿದಾಗ ತಾನಾಗಿ ಶೇ. 20 ಹಿಗ್ಗಲಿ ಎಂದು ಎಲ್‌ವಿಎಂ ಕಡತದಲ್ಲಿ ಬರೆದಿಡಬಹುದು. ಬರೆಯದಿದ್ದರೆ ಅದು ಹಿಗ್ಗುವುದಿಲ್ಲ. ಮೂಲದಲ್ಲಿರುವ ಅಂಕಿ 100, ಎಂದರೆ ಹಿಗ್ಗುವಿಕೆ ಸ್ಥಗಿತ. ವಿದ್ಯಾರ್ಥಿಗಳೆ, ಲೆಕ್ಕ ಹಾಕಿ ನೋಡಿರಿ. 800ರಲ್ಲಿ 560 ತುಂಬಿದೊಡನೆ ಕಣಜವು 160 ಬೆಳೆದು 960 ಆಗುವುದು. ಮತ್ತೆ 672 ತುಂಬಿದಾಗ ಬೇಕಾದುದು 192. ಲೆಕ್ಕಪುಸ್ತಕದ ಅಲ್ಪ ಸ್ಥಳವನ್ನು ಬಿಟ್ಟರೂ ಉಳಿದಿರುವುದು 40ಕ್ಕಿಂತ ಹೆಚ್ಚಿಲ್ಲ. ಆ ಎರಡನೆಯ ಹಿಗ್ಗುವಿಕೆ ನಡೆಯದು.

ಕಣಜ ಪೂರ್ತಿ ತುಂಬಿದರೆ ಏನಾಗುವುದು? ಸಾಮಾನ್ಯ ಏರ್ಪಾಡಿನಲ್ಲಿ ಹೊಸ ಬರಹಗಳು 60 ಸೆಕೆಂಡು ಕಾಯುತ್ತವೆ, ಅನಂತರ ತಪ್ಪೆಂದು ಹಿಂದಿರುಗುತ್ತವೆ. ಒಳಗಿನ ಯಂತ್ರಗಳಾದರೋ ತಮ್ಮ ಬಳಿ ಇನ್ನೂ ಬೇಕಾದಷ್ಟು ಸ್ಥಳವಿದೆಯೆಂದೇ ನಂಬಿರುತ್ತವೆ! ಬರೆಯುತ್ತಿದ್ದ ಕಡತಗಳು ಹತ್ತೂ ಯಂತ್ರಗಳಲ್ಲಿ ಒಟ್ಟಿಗೆ ಕೆಡಬಹುದು. ಪರೀಕ್ಷೆಯ ಹಿಂದಿನ ಸಂಜೆ ಹೀಗಾದರೆ ಹೆತ್ತವರು ಊಹಿಸಿಕೊಳ್ಳಲಿ. ಹೊಸ ಡಿಸ್ಕನ್ನು ಕೂಡಿಸಿ ಕಣಜವನ್ನು ಹಿಗ್ಗಿಸಬಹುದು, ನಿಜ. ಆದರೆ ಮೈಸೂರಿನಿಂದ ತರಿಸೋಣವೆಂದರೆ ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುವುದಷ್ಟೆ. ಲೆಕ್ಕಪುಸ್ತಕವೇ ತುಂಬಿದರೆ ಸಂಕಟ ಇನ್ನೂ ಹೆಚ್ಚಿನದು.

ಇನ್ನೊಂದು ಭ್ರಮೆಯುಂಟು. ಒಳಗಿನ ಯಂತ್ರದಲ್ಲಿ ಕಡತವನ್ನು ಅಳಿಸಿದ ಮಾತ್ರಕ್ಕೆ ಸ್ಥಳ ಕಣಜಕ್ಕೆ ಮರಳುವುದಿಲ್ಲ. ತೋರಿಕೆಯ ಡಿಸ್ಕಿಗೆ ‘ಡಿಸ್ಕಾರ್ಡ್’ ಅನುಮತಿಯನ್ನು ಕೊಟ್ಟು, ಒಳಗಿನಿಂದ ‘ಎಫ್‌ಎಸ್‌ಟ್ರಿಮ್’ ಆಜ್ಞೆಯನ್ನು ನಡೆಸಿದರೆ ಮರಳುವುದು. ಪಾಠಕ್ಕೆ ಮೊದಲು ತೆಗೆದಿಟ್ಟುಕೊಳ್ಳುವ ‘ಸ್ನ್ಯಾಪ್‌ಷಾಟ್’ ಎಂಬ ನೆರಳು ಪ್ರತಿಯೂ ಬಲು ಉಪಯುಕ್ತ. ವಿದ್ಯಾರ್ಥಿಯು ಯಂತ್ರವನ್ನು ಕೆಡಿಸಿದರೆ ಹಿಂದಿನ ಸ್ಥಿತಿಗೆ ಒಯ್ಯಬಹುದು. ಆದರೆ ಅದು ಅದೇ ಕಣಜದಲ್ಲಿರುವ ವಸ್ತು. ಕಣಜ ಹೋದರೆ ನೆರಳೂ ಹೋಯಿತು. ಆದುದರಿಂದ ಮಕ್ಕಳ ಕೆಲಸದ ನಿಜವಾದ ನಕಲು ಬೇರೊಂದು ಡಿಸ್ಕಿನಲ್ಲಿ ಇರತಕ್ಕದ್ದು.

‘ಎಲ್‌ವಿಎಸ್’ ಆಜ್ಞೆಯು ಕಣಜವೆಷ್ಟು ತುಂಬಿದೆ, ಲೆಕ್ಕಪುಸ್ತಕವೆಷ್ಟು ತುಂಬಿದೆ ಎಂಬ ಎರಡು ಅಂಕಿಗಳನ್ನು ತೋರಿಸುತ್ತದೆ. ಸರದಿಯಂತೆ ದಿನಕ್ಕೊಬ್ಬ ವಿದ್ಯಾರ್ಥಿ ಅವನ್ನು ಓದಿ ಕರಿಹಲಗೆಯ ಮೂಲೆಯಲ್ಲಿ ತಾರೀಖಿನ ಸಹಿತ ಬರೆಯಲಿ. ನಿನ್ನೆಯ ಅಂಕಿಯನ್ನು ಅಳಿಸದೆ ಅದರ ಕೆಳಗೆ ಬರೆಯಲಿ.