ಆಕ್ಷೇಪಣೆ ಬರೆಯುವ ಮುನ್ನ ಬೀದಿಗಿಳಿದು ಎಣಿಸಿ

ಮಲ್ಲೇಶ್ವರದಲ್ಲಿ ಹಳೆಯ ಮನೆಯೊಂದು ಮಾರಾಟವಾದರೆ ಅಕ್ಕಪಕ್ಕದವರು ಕೇಳುವುದು ಎರಡೇ: ‘ಅಲ್ಲಿ ಏನು ಬರುತ್ತದಂತೆ? ಗಾಡಿಗಳನ್ನೆಲ್ಲ ಎಲ್ಲಿ ನಿಲ್ಲಿಸುತ್ತಾರಂತೆ?’ ನಮ್ಮ ಕ್ರಾಸಿನಲ್ಲಿ 60x80 ಅಡಿಯ ಸೈಟೊಂದರ ಭೂಬಳಕೆಯನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಾಯಿಸುವ ಅರ್ಜಿಯ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗಲೂ ಎದ್ದದ್ದು ಇದೇ ಮಾತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14ಎ ಕಲಮಿನಂತೆ ಇಂಥ ಬದಲಾವಣೆಗೆ ಮುನ್ನ ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು.

ಬೀದಿಯವರೆಲ್ಲ ಸೇರಿದೆವು. ‘ಈ ಕಟ್ಟಡದಿಂದ ಪಾರ್ಕಿಂಗ್ ತೊಂದರೆಯಾಗುತ್ತದೆ’ ಎಂದು ಬರೆದು ಸಹಿ ಹಾಕಲು ಹೊರಟಾಗ, ಎದುರುಮನೆಯ ನಿವೃತ್ತ ಎಂಜಿನಿಯರ್ ತಡೆದರು. ‘ತೊಂದರೆ ಅಂದ್ರೆ ಎಷ್ಟು? ಯಾವ ಹೊತ್ತಿನಲ್ಲಿ? ಅದನ್ನ ಬರೀದೆ ಕೊಟ್ರೆ ಇದು ಬರೀ ಗೋಳಾಗುತ್ತೆ, ಆಕ್ಷೇಪಣೆ ಆಗಲ್ಲ’ ಅಂದರು. ನಗರ ಯೋಜನೆಯ ಬಗ್ಗೆ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು ಅದು.

ನಾವು ಎಣಿಸಲು ಇಳಿದೆವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಎಂಟನೇ ಕ್ರಾಸ್ ತುಂಬಿ ಜನ ನಮ್ಮ ಕಡೆಗೂ ಹರಿದು ಬಂದಾಗ. ವಾಹನದ ಸಂಖ್ಯೆಯ ಕೊನೆಯ ನಾಲ್ಕಂಕಿ ಬರೆದುಕೊಂಡರೆ ಯಾವುದು ಬಂದು ಹೋಯಿತು, ಯಾವುದು ಬೇರು ಬಿಟ್ಟಂತೆ ನಿಂತಿದೆ ಎಂದು ತಿಳಿಯುತ್ತದೆ. ಪಟ್ಟಿ ನೋಡಿದಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ರಸ್ತೆಯ ಜಾಗ ಹಿಡಿದವರು ಹೆಚ್ಚಾಗಿ ಗಿರಾಕಿಗಳಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು ರಾತ್ರಿ ಹೋಗುವ ಅಂಗಡಿಯವರ, ಕೆಲಸಗಾರರ ಗಾಡಿಗಳೇ ಬಹಳ. ಮತ್ತೊಂದು ಪಾಲು ನಮ್ಮ ಬೀದಿಯವರದೇ. ಮನೆಯ ಕಾರ್ ಶೆಡ್ಡು ಬ್ಲೌಸ್ ಹೊಲಿಯುವ ಅಂಗಡಿಯಾಗಿ ಬಾಡಿಗೆ ತರುತ್ತಿದೆ, ಕಾರು ಬೀದಿಯಲ್ಲಿದೆ. ‘ಗೇಟ್ ಮುಂದೆ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬ ಬೋರ್ಡಿನ ಹಿಂದೆ ಎಷ್ಟೋ ಕಡೆ ಕಾರು ನಿಲ್ಲುವ ಜಾಗವೇ ಉಳಿದಿಲ್ಲ.

ಆಮೇಲೆ ಆ ಸೈಟಿನಲ್ಲಿ ಬರಲಿದ್ದ ಕಟ್ಟಡದ ನಕ್ಷೆ ಬಿಚ್ಚಿದೆವು. ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರ ವಲಯ ನಿಯಮಾವಳಿ ಅಂಗಡಿ ಜಾಗದ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಸ್ಥಳ ಕೇಳುತ್ತದೆ. ಒಂದು ಕಾರಿನ ಚೌಕ 2.5 ಮೀಟರ್ ಅಗಲ, 5.5 ಮೀಟರ್ ಉದ್ದ. ತಿರುಗುವ ದಾರಿ, ಇಳಿಜಾರು ಸೇರಿದರೆ ಸುಮಾರು ಇಮ್ಮಡಿ ಜಾಗ ಬೇಕು. ಸಾವಿರ ಚದರ ಮೀಟರ್ ಅಂಗಡಿ ಕಟ್ಟಿದರೆ 20 ಕಾರು, ಅಂದರೆ 500 ಚದರ ಮೀಟರಿಗೂ ಹೆಚ್ಚು. ಇಡೀ ಸೈಟಿನ ಅಳತೆಯೇ ಸುಮಾರು 446 ಚದರ ಮೀಟರ್. ಒಂದು ಬೇಸ್‌ಮೆಂಟಿನಲ್ಲಿ ಅಷ್ಟು ಕಾರು ತೋರಿಸಿದ ನಕ್ಷೆ ಕಾಗದದ ಮೇಲೆ ಮಾತ್ರ ನಿಲ್ಲುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸ್ಕೂಟರಿನವರು. ಅವರು ಹತ್ತು ನಿಮಿಷದ ಕೆಲಸಕ್ಕೆ ಇಳಿಜಾರು ಇಳಿದು ಹೋಗುವುದಿಲ್ಲ, ಫುಟ್‌ಪಾತ್ ಹತ್ತಿಸುತ್ತಾರೆ.

ಬೇಸ್‌ಮೆಂಟ್ ಕಟ್ಟಿದ ಮೇಲೂ ಕಾಯಬೇಕಾಗುತ್ತದೆ. ಹತ್ತಿರದ ಒಂದು ವಾಣಿಜ್ಯ ಕಟ್ಟಡದಲ್ಲಿ ಅದು ಮೊದಲು ಗೋದಾಮಾಯಿತು, ಆಮೇಲೆ ಅಂಗಡಿಯಾಯಿತು. ಇನ್ನೊಂದರಲ್ಲಿ ಜಾಗವಿದೆ, ಆದರೆ ಕಾವಲುಗಾರ ‘ಸ್ಟಾಫ್‌ಗೆ ಮಾತ್ರ’ ಎಂದು ಗಿರಾಕಿಗಳನ್ನು ರಸ್ತೆಗೆ ಕಳಿಸುತ್ತಾನೆ. ಹೊಸ ಕಟ್ಟಡಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು ಇದು, ಏಕೆಂದರೆ ಪಾರ್ಕಿಂಗ್ ತೋರಿಸಿಯೇ ಅನುಮತಿ ಪಡೆದಿರುತ್ತಾರೆ.

ಇನ್ನಷ್ಟು ಪಾರ್ಕಿಂಗ್ ಕೊಡಿ ಎಂದು ಕೇಳುವುದೂ ಪರಿಹಾರವಲ್ಲ. 2014ರಿಂದ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೊ ನಿಲ್ಲುತ್ತಿದೆ. ಅಲ್ಲಿಂದ ನಡೆದು ಬರಲು ನಿರಾತಂಕ ಫುಟ್‌ಪಾತ್ ಇದ್ದರೆ ಎಷ್ಟೋ ಗಾಡಿಗಳು ಹೊರಡುವುದೇ ಇಲ್ಲ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳು ಮಲ್ಲೇಶ್ವರದ ಭಾಗ್ಯ, ಅವೂ ನಡೆಯುವವರಿಗೆ ಉಳಿಯಲಿ. ರಸ್ತೆ ಬದಿಯ ಜಾಗ ಪುಕ್ಕಟೆಯಾಗಿರುವತನಕ ದಿನವಿಡೀ ನಿಲ್ಲುವವರೇ ಅದನ್ನು ಹಿಡಿಯುತ್ತಾರೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ನಿಲುಗಡೆ ಶುಲ್ಕ ಭೂಮಿಯ ಬೆಲೆಗೆ ತಕ್ಕಂತಿರಬೇಕು ಎಂದಿದೆ; ಸರ್ಕಾರ 2021ರಲ್ಲಿ ಒಪ್ಪಿದ ಬೆಂಗಳೂರಿನ ಪಾರ್ಕಿಂಗ್ ನೀತಿ 2.0 ಕೂಡ ಹಣ ಕೊಟ್ಟು ನಿಲ್ಲಿಸುವ ವ್ಯವಸ್ಥೆಯ ಪರವಾಗಿದೆ. ಬೀದಿಯ ಕೆಲವರಿಗೆ ಈ ಮಾತು ರುಚಿಸಲಿಲ್ಲ. ಆದರೂ ಪತ್ರದಲ್ಲಿ ಬರೆದೆವು.

ಎಣಿಕೆಯ ಪಟ್ಟಿ, ನಕ್ಷೆಯ ಲೆಕ್ಕ, ಫೋಟೊ ಇಟ್ಟು ಕೊಟ್ಟ ಆ ಆಕ್ಷೇಪಣೆಯನ್ನು ವಿಚಾರಣೆಯಲ್ಲಿ ಅಧಿಕಾರಿಗಳು ಸಾಲು ಸಾಲಾಗಿ ಓದಿದರು. ಭೂಬಳಕೆ ಬದಲಾವಣೆ ನಿಲ್ಲಲಿಲ್ಲ. ಆದರೆ ಸ್ಕೂಟರಿನ ಜಾಗ ನೆಲಮಟ್ಟಕ್ಕೆ ಬಂತು, ಇಳಿಜಾರಿನ ಬಾಯಿ ನಮ್ಮ ಕಿರಿದಾದ ಕ್ರಾಸಿನಿಂದ ಮುಖ್ಯರಸ್ತೆಗೆ ಸರಿಯಿತು. ಬೇಸ್‌ಮೆಂಟ್ ಗಿರಾಕಿಗಳಿಗೆ ತೆರೆದಿರಬೇಕೆಂಬ ಷರತ್ತನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ.

ನಿಮ್ಮ ಬೀದಿಯ ಹೆಸರು ಇಂಥ ಪ್ರಕಟಣೆಯಲ್ಲಿ ಕಂಡರೆ ಅವಧಿ ಮುಗಿಯುವ ಮೊದಲೇ ನಕ್ಷೆ ಕೇಳಿ ನೋಡಿ, ನಿಂತ ಗಾಡಿಗಳನ್ನು ಎಣಿಸಿ, ಬರೆದು ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕಟ್ಟಡ ಎದ್ದ ಮೇಲೆ ಅದರ ಬೇಸ್‌ಮೆಂಟಿಗೂ ಒಮ್ಮೆ ಇಳಿದು ನೋಡಿ ಬನ್ನಿ.